ಮಿಸ್ ಇಂಡಿಯಾನಾ, ಮಿಸ್ ಯೂನಿವರ್ಸ್ ಇಂಡಿಯಾನಾ?

ಸೌಂದರ್ಯ ಸ್ಪರ್ಧೆಗೆ ಹೋಗಬೇಕು ಅಂತ ಮನಸ್ಸು ಮಾಡಿದವರಿಗೆ ಮೊದಲ ಗೊಂದಲ ಇದೇ. ಒಂದು ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1964ರಲ್ಲಿ ಶುರುವಾದ ಫೆಮಿನಾ ಮಿಸ್ ಇಂಡಿಯಾವೇ ದೊಡ್ಡ ಬಾಗಿಲು. 1994ರಲ್ಲಿ ಒಂದೇ ವೇದಿಕೆಯಲ್ಲಿ ಸುಷ್ಮಿತಾ ಸೇನ್ ಗೆದ್ದರು, ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯ ರೈ ಎರಡನೆಯವರಾದರು. ಅದೇ ವರ್ಷ ಒಬ್ಬರು ಮಿಸ್ ಯೂನಿವರ್ಸ್, ಇನ್ನೊಬ್ಬರು ಮಿಸ್ ವರ್ಲ್ಡ್. ಬೆಂಗಳೂರಲ್ಲಿ ಬೆಳೆದ ಲಾರಾ ದತ್ತಾ 2000ದಲ್ಲಿ ಮಿಸ್ ಯೂನಿವರ್ಸ್ ಆಗಿದ್ದೂ ಇದೇ ದಾರಿಯಲ್ಲಿ.

2010ರಿಂದ ದಾರಿ ಕವಲೊಡೆಯಿತು. ಮಿಸ್ ಯೂನಿವರ್ಸ್‌ಗೆ ಕಳಿಸುವ ಕೆಲಸ ಬೇರೆ ಸ್ಪರ್ಧೆಗೆ ಹೋಯಿತು. ಮೊದಲು ಐ ಆಮ್ ಶಿ, 2013ರಿಂದ ಮಿಸ್ ದಿವಾ, 2024ರಿಂದ ಮಿಸ್ ಯೂನಿವರ್ಸ್ ಇಂಡಿಯಾ. ಹೆಸರು ಇಷ್ಟು ಸಲ ಬದಲಾದರೆ ನೆನಪಿಟ್ಟುಕೊಳ್ಳೋದೇ ಕಷ್ಟ, ಅಲ್ವಾ? ಆದರೂ 2021ರಲ್ಲಿ ಹರ್ನಾಜ್ ಸಂಧು ಕಿರೀಟ ತಂದಿದ್ದು ಮಿಸ್ ದಿವಾದಿಂದಲೇ.

ಫೆಮಿನಾದ ಗುರಿ ಈಗ ಮಿಸ್ ವರ್ಲ್ಡ್. 2017ರಿಂದ ರಾಜ್ಯಕ್ಕೊಬ್ಬರಂತೆ ಆರಿಸುತ್ತಾರೆ. ಹಾಗಾಗಿ ಮೊದಲ ಜಗಳ ನಮ್ಮ ರಾಜ್ಯದೊಳಗೇ. 2022ರಲ್ಲಿ ಕರ್ನಾಟಕದ ಸಿನಿ ಶೆಟ್ಟಿ ಹೀಗೇ ಗೆದ್ದರು.

ಮದುವೆಯಾಗಿದೆಯಾ, ಮಕ್ಕಳಿದ್ದಾರಾ? ಹಾಗಾದರೆ ಮಿಸ್ ಯೂನಿವರ್ಸ್ ಕಡೆ ನೋಡಿ. ಅಲ್ಲಿ 2023ರಿಂದ ಅದಕ್ಕೆ ಅಡ್ಡಿಯಿಲ್ಲ, 2024ರಿಂದ ವಯಸ್ಸಿನ ಮೇಲ್ಮಿತಿಯೂ ಇಲ್ಲ. ಇನ್ನೂ ಇಪ್ಪತ್ತರ ಆಸುಪಾಸಿನ, ಮದುವೆಯಾಗದ ಹುಡುಗಿಯಾದರೆ ನಾನಂತೂ ಫೆಮಿನಾ ಅಂತೀನಿ. ಹಳೇ ಹೆಸರಿನ ತೂಕವೇ ಬೇರೆ.