ಗಿಡಕ್ಕೆ ನಾಲ್ಕು ಸ್ಟಾರ್, ಚೀಟಿಗೆ ಒಂದೂವರೆ: ರಿಂಗ್ ರಸ್ತೆಯ ಒಂದು ನರ್ಸರಿ

ಮೈಸೂರಿನ ರಿಂಗ್ ರಸ್ತೆ ಪಕ್ಕದ ಒಂದು ನರ್ಸರಿ ಬಗ್ಗೆ ಬರೆಯುತ್ತಿದ್ದೇನೆ. ಅಂಗಡಿ ಹೆಸರು ಹಾಕುವುದಿಲ್ಲ. ನನ್ನ ದೂರು ಅವರೊಬ್ಬರ ಮೇಲಲ್ಲ, ನಾನು ಕಂಡ ಮುಕ್ಕಾಲುವಾಸಿ ನರ್ಸರಿಗಳ ಕಥೆ ಇದೇ. ಜೊತೆಗೆ ಮಾಲೀಕರು ಒಳ್ಳೆಯವರು. ಬಿಸಿಲಲ್ಲಿ ಬಂದವರಿಗೆ ಮೊದಲು ಸ್ಟೂಲ್ ಹಾಕಿ ನೀರು ಕೊಡುತ್ತಾರೆ, ಆಮೇಲೆ ವ್ಯಾಪಾರ.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಗಿಡದ ಹೆಸರಿಗೆ ಇಷ್ಟು ಗಲಾಟೆ ಮಾಡೋಕೆ ಇವನ್ಯಾರು ಅನ್ನಿಸುತ್ತೆ. ನಾನು ಪ್ರೊಫೆಸರ್ ಅಲ್ಲ. ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ 31 ವರ್ಷ ಅಟೆಂಡರ್ ಆಗಿದ್ದೆ. ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹ, ಅದರ ಬೀರುಗಳ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಹುಡುಗರು ತಂದ ಗಿಡವನ್ನು ಹಳೇ ಪೇಪರ್ ನಡುವೆ ಇಟ್ಟು ಒತ್ತಬೇಕು. ದಿನಾ ಪೇಪರ್ ಬದಲಾಯಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ. ಒಣಗಿದ ಮೇಲೆ 16.5 ಇಂಚು ಉದ್ದ, 11.5 ಇಂಚು ಅಗಲದ ದಪ್ಪ ಹಾಳೆಗೆ ದಾರದಲ್ಲಿ ಹೊಲಿದು, ಬಲಗಡೆ ಕೆಳಮೂಲೆಯಲ್ಲಿ ಚೀಟಿ ಅಂಟಿಸಬೇಕು. ಅಲ್ಲಿ ಒಂದು ನಿಯಮ ಇದೆ. ಗಿಡದ ಹೆಸರು ಬದಲಾದರೆ ಹಳೇ ಚೀಟಿ ಕೀಳಬಾರದು. ಯಾರು ಬದಲಾಯಿಸಿದರು, ಯಾವ ವರ್ಷ ಅಂತ ಬರೆದು ಹೊಸ ಚೀಟಿಯನ್ನು ಪಕ್ಕದಲ್ಲೇ ಅಂಟಿಸಬೇಕು. ಕೆಲವು ಹಾಳೆಗಳಲ್ಲಿ ಮೂರು ಮೂರು ಚೀಟಿ ಇದ್ದವು. ಹಾಗೆ ಅಂಟಿಸಿ ಅಂಟಿಸಿಯೇ ನನಗೆ ಅಷ್ಟಿಷ್ಟು ಹೆಸರು ಬಂದಿದ್ದು.

ಈಗ ಅಕ್ಕನ ಅಶೋಕ ಗಿಡದ ಕಥೆಗೆ ಬರೋಣ.

ನಂಜನಗೂಡಿನಲ್ಲಿರುವ ನಮ್ಮ ಅಕ್ಕ ಮೂರು ವರ್ಷದ ಹಿಂದೆ ಇದೇ ನರ್ಸರಿಯಿಂದ ಒಂದು ಅಶೋಕ ಸಸಿ ತರಿಸಿಕೊಂಡಳು. ಸೀತೆ ಕೂತಿದ್ದು ಅಶೋಕವನದಲ್ಲಿ, ಆ ಮರ ಮನೆ ಮುಂದೆ ಇರಲಿ ಅಂತ ಆಸೆ. ನನ್ನನ್ನು ಕೇಳಲಿಲ್ಲ, ಫೋನಿನಲ್ಲೇ ಆರ್ಡರ್ ಮಾಡಿದಳು. ಗಿಡ ಚೆನ್ನಾಗಿಯೇ ಬೆಳೆಯಿತು. ಎಷ್ಟು ಚೆನ್ನಾಗಿ ಅಂದರೆ ಕರೆಂಟ್ ಕಂಬದ ಹಾಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಕಳೆದ ಯುಗಾದಿಗೆ ಹೋದಾಗ ಕೇಳಿದಳು, "ಏನೋ ಇದು, ಇನ್ನೂ ಒಂದು ಹೂ ಬಿಡಲಿಲ್ಲವಲ್ಲೋ?"

ನೋಡಿದೆ. ಉದ್ದನೆ ಎಲೆ, ಅಂಚು ಅಲೆ ಅಲೆ. "ಅಕ್ಕಾ, ಇದು ಆ ಅಶೋಕ ಅಲ್ಲ" ಅಂದೆ. ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಮೂರು ವರ್ಷದಿಂದ ದಿನಾ ಅರಿಶಿನ ಕುಂಕುಮ ಇಡ್ತಿದೀನಲ್ಲೋ ಇದಕ್ಕೆ" ಅಂದಳು.

ಕಾಂಪೌಂಡ್ ಪಕ್ಕ ಸಾಲಾಗಿ ನೆಡುವ ಈ ಕಂಬದಂಥ ಮರಕ್ಕೂ ಎಲ್ಲರೂ ಅಶೋಕ ಅಂತಲೇ ಅನ್ನುತ್ತಾರೆ. ಆದರೆ ಅದು ಸೀತಾಫಲದ ಕುಟುಂಬದ್ದು. ನಾನು ಕೆಲಸದಲ್ಲಿದ್ದಾಗ ಅದರ ಚೀಟಿಯಲ್ಲಿ ಪಾಲಿಯಾಲ್ತಿಯಾ ಲಾಂಗಿಫೋಲಿಯಾ ಅಂತ ಇತ್ತು. 2012ರಲ್ಲಿ ಅದನ್ನು ಮೊನೂನ್ ಅನ್ನುವ ಜಾತಿಗೆ ಸೇರಿಸಿದರು, ಇನ್ನೊಂದು ಚೀಟಿ ಬಂತು. ಹೂ ಬಿಡುತ್ತೆ, ಆದರೆ ತೆಳು ಹಸಿರು ನಕ್ಷತ್ರದ ಥರ. ಎಲೆ ಮಧ್ಯೆ ಹುಡುಕಬೇಕು. ಸೀತೆಯ ಅಶೋಕ ಬೇರೆಯೇ, ಅದು ಹುಣಸೆ, ಕಕ್ಕೆ ಇರುವ ಬೇಳೆಕಾಳಿನ ಕುಟುಂಬದ್ದು. ಅದರ ಚೀಟಿಗೂ ಒಂದು ಚರಿತ್ರೆ ಇದೆ. ಕಲ್ಕತ್ತಾದ ಸಸ್ಯತೋಟ ನೋಡಿಕೊಳ್ಳುತ್ತಿದ್ದ ರಾಕ್ಸ್‌ಬರ್ಗ್ ಸಾಹೇಬರು ಅದಕ್ಕೆ ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ನೆನಪಿಗೆ ಜೋನೇಸಿಯಾ ಅಸೋಕ ಅಂತ ಹೆಸರಿಟ್ಟರು. ಆಮೇಲೆ ನಮ್ಮ ಪುಸ್ತಕಗಳಲ್ಲೆಲ್ಲ ಸರಾಕ ಇಂಡಿಕಾ ಅಂತ ಬಂತು. ತಮಾಷೆ ಅಂದರೆ ಆ ಇಂಡಿಕಾ ನಮ್ಮದಲ್ಲ, ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನ್ನೇಯಸ್ ಆ ಹೆಸರು ಕೊಟ್ಟಿದ್ದು ಜಾವಾ ಕಡೆಯ ಮರಕ್ಕೆ. 1968ರಲ್ಲಿ ಅದನ್ನು ಸರಿಮಾಡಿ ನಮ್ಮದಕ್ಕೆ ಸರಾಕ ಅಸೋಕ ಅಂತ ಮಾಡಿದರು. ಅದಾಗಿ ಎಷ್ಟೋ ವರ್ಷದ ಮೇಲೂ ನಮ್ಮ ಬೀರುವಿನಲ್ಲಿ ಇಂಡಿಕಾ ಚೀಟಿಗಳು ಇದ್ದವು. ಹೊಸ ಚೀಟಿ ಅಂಟಿಸಿದ್ದು ನಾನೇ.

ಹಾಗಾಗಿ ಹೋದ ತಿಂಗಳು ಅಕ್ಕನನ್ನು ಕರೆದುಕೊಂಡು ನರ್ಸರಿಗೆ ಹೋದೆ. ಜಗಳಕ್ಕಲ್ಲ, ಸರಿಯಾದ ಗಿಡ ತರೋಣ ಅಂತ.

ಜಾಗ ಚೆನ್ನಾಗಿದೆ. ಸುಮಾರು ಅರ್ಧ ಎಕರೆ, ಅರ್ಧಕ್ಕೆ ಹಸಿರು ನೆರಳುಬಲೆ. ಗಿಡಗಳ ಆರೋಗ್ಯಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಎರಡು ಮೂರು ಕವರ್ ಎತ್ತಿ ಅಡಿ ನೋಡಿದೆ, ಬೇರು ಸುತ್ತಿಕೊಂಡಿರಲಿಲ್ಲ. ಮಣ್ಣು ಸಡಿಲ ಇತ್ತು, ಗೊಬ್ಬರ ಬೆರೆಸಿದ್ದಾರೆ. ಬಿಳಿ ಹಿಟ್ಟುತಿಗಣೆ ದಾಸವಾಳದ ಸಾಲಿನಲ್ಲಿ ಮಾತ್ರ ಸ್ವಲ್ಪ ಕಂಡಿತು. ಅದು ಯಾರ ಮನೆಯಲ್ಲಿ ಇಲ್ಲ ಹೇಳಿ.

ತೊಂದರೆ ಇರುವುದು ಚೀಟಿಯಲ್ಲಿ. ಐಸ್‌ಕ್ರೀಂ ಕಡ್ಡಿ ಥರದ ಪ್ಲಾಸ್ಟಿಕ್ ಪಟ್ಟಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಚುಚ್ಚಿದ್ದಾರೆ. ಎರಡು ದಿನ ಪೈಪಿನಲ್ಲಿ ನೀರು ಬಿಟ್ಟರೆ ಅಕ್ಷರ ಹೋಯಿತು. ಹೋದದ್ದನ್ನು ಹುಡುಗರು ನೆನಪಿನಿಂದ ಮತ್ತೆ ಬರೆಯುತ್ತಾರೆ. ಅವರ ನೆನಪಿನಲ್ಲಿ ಇರುವುದು ಗಿರಾಕಿ ಬಾಯಲ್ಲಿ ಬಂದ ಹೆಸರು.

ಸಂಪಿಗೆ ಸಾಲನ್ನೇ ತೆಗೆದುಕೊಳ್ಳಿ. "ಸಂಪಿಗೆ" ಅಂತ ಬರೆದ ಒಂದು ಹಲಗೆ, ಅದರ ಹಿಂದೆ ಐವತ್ತು ಅರವತ್ತು ಕವರ್. ಒಂದೊಂದೇ ನೋಡುತ್ತಾ ಹೋದೆ. ಕೆಂಡಸಂಪಿಗೆ ಇತ್ತು, ಸರಿ. ಅದರ ಪಕ್ಕ ಗೋಸಂಪಿಗೆ. ಎಲೆ ಮುರಿದರೆ ಹಾಲು ಸುರಿಯುವ, ದೇವಕಣಗಿಲೆ ಅಂತಲೂ ಅನ್ನುವ ಗಿಡ. ಅದು ಕಣಗಿಲೆ ಕುಟುಂಬದ್ದು, ಬಂದಿದ್ದು ಅಮೆರಿಕ ಖಂಡದಿಂದ. ಅದರಾಚೆ ನಾಗಸಂಪಿಗೆ. ಅದು ಸುರಹೊನ್ನೆಯ ಕುಟುಂಬ. ಮೂಲೆಯಲ್ಲಿ ಮನೋರಂಜಿತ, ಅಂದರೆ ಹಸಿರು ಸಂಪಿಗೆ. ಅದು ಮತ್ತೆ ಸೀತಾಫಲದ ಕುಟುಂಬ, ಅಕ್ಕನ ಕಂಬದ ಮರಕ್ಕೆ ದಾಯಾದಿ. ಒಂದೇ ಹಲಗೆ, ನಾಲ್ಕು ಕುಟುಂಬ. ಇದರಲ್ಲಿ ನರ್ಸರಿಯವರ ತಪ್ಪು ಅರ್ಧ ಮಾತ್ರ. ಘಮ ಅಂದಿದ್ದಕ್ಕೆಲ್ಲ ಸಂಪಿಗೆ ಅಂತ ಹೆಸರಿಟ್ಟವರು ನಾವೇ ಅಲ್ವಾ? ಆದರೆ ಮೂಗಿನಿಂದ ಇಟ್ಟ ಹೆಸರು ಪೂರ್ತಿ ದಾರಿ ತಪ್ಪಿಲ್ಲ. ಕೆಂಡಸಂಪಿಗೆ, ಹಸಿರು ಸಂಪಿಗೆ ಎರಡರ ಕುಟುಂಬಗಳೂ ಮ್ಯಾಗ್ನೋಲಿಯೇಲ್ಸ್ ಅನ್ನುವ ಒಂದೇ ಗಣಕ್ಕೆ, ಅಂದರೆ ಕುಟುಂಬಗಳ ಗುಂಪಿಗೆ ಸೇರಿವೆ.

ಹೂವಿಲ್ಲದ ಸಸಿ ಕೊಳ್ಳುವಾಗ ನಿಜವಾದ ಸಂಪಿಗೆ ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು? ಕೊಂಬೆ ನೋಡಿ. ಚಿಗುರಿನ ಮೇಲೆ ಟೋಪಿ ಥರ ಒಂದು ಹೊದಿಕೆ ಇರುತ್ತೆ. ಎಲೆ ಬಿಚ್ಚಿಕೊಂಡ ಮೇಲೆ ಅದು ಉದುರಿ, ಪ್ರತಿ ಎಲೆಯ ಬುಡದಲ್ಲಿ ಕೊಂಬೆ ಸುತ್ತ ಒಂದು ಉಂಗುರದ ಗುರುತು ಉಳಿಯುತ್ತೆ. ಬೆರಳಾಡಿಸಿದರೆ ಉಗುರಿಗೆ ಸಿಗುತ್ತೆ. ಉಂಗುರ ಇಲ್ಲದಿದ್ದರೆ ಅದು ಸಂಪಿಗೆ ಅಲ್ಲ, ಮಾಲೀಕರು ಏನೇ ಹೇಳಲಿ. ಅಕ್ಕನ ಬೆರಳು ಹಿಡಿದು ಮುಟ್ಟಿಸಿದೆ. "ಬಳೆ ಹಾಕ್ಕೊಂಡಿದೆ ಕಣೋ" ಅಂದಳು. 31 ವರ್ಷದಲ್ಲಿ ಯಾವ ಲೆಕ್ಚರರೂ ಇಷ್ಟು ಚೆನ್ನಾಗಿ ಹೇಳಿದ್ದು ನಾನು ಕೇಳಿಲ್ಲ.

ಇದರ ಚೀಟಿಯೂ ಬದಲಾಗಿದೆ. ನಮ್ಮ ಕಾಲದಲ್ಲಿ ಮೈಕೇಲಿಯಾ ಚಂಪಕ ಅಂತ ಇತ್ತು. ಹೂ ಎಲೆ ಕಂಕುಳಲ್ಲಿ ಬಂದರೆ ಮೈಕೇಲಿಯಾ, ಕೊಂಬೆಯ ತುದಿಯಲ್ಲಿ ಬಂದರೆ ಮ್ಯಾಗ್ನೋಲಿಯಾ ಅಂತ ಹುಡುಗರಿಗೆ ಹೇಳಿಕೊಡುತ್ತಿದ್ದರು. ಡಿಎನ್ಎ ನೋಡಿದಾಗ ಆ ಗೆರೆ ನಿಲ್ಲಲಿಲ್ಲ. ಈಗ ಎರಡೂ ಸೇರಿ ಮ್ಯಾಗ್ನೋಲಿಯಾ. ಚಂಪಕ ಮಾತ್ರ ಹಾಗೇ ಇದೆ. 1753ರಲ್ಲಿ ಲಿನ್ನೇಯಸ್ ಇಟ್ಟ ಎರಡನೇ ಪದ, ಅದೂ ನಮ್ಮ ಕಡೆಯ ಮಾತೇ.

ಇನ್ನು "ಮಲ್ಲಿಗೆ ಜಾತಿ" ಅನ್ನುವ ಬೋರ್ಡಿನ ಕೆಳಗೆ ಪಾರಿಜಾತ ಇಟ್ಟಿದ್ದರು. ಜಗಳ ಮಾಡೋಣ ಅಂತ ಬಾಯಿ ತೆಗೆದವನು ಸುಮ್ಮನಾದೆ. ಲಿನ್ನೇಯಸ್ ಕೂಡ ದುಂಡುಮಲ್ಲಿಗೆಯನ್ನು ಪಾರಿಜಾತದ ಜೊತೆಗೇ, ನಿಕ್ಟಾಂತಿಸ್ ಅಂತ ಹಾಕಿದ್ದರು. ಎರಡೂ ರಾತ್ರಿ ಅರಳುತ್ತವೆ ತಾನೆ. ಆಮೇಲೆ ಮಲ್ಲಿಗೆ ಜಾಸ್ಮಿನಂ ಆಯಿತು, ಕುಟುಂಬ ಮಾತ್ರ ಈಗಲೂ ಒಂದೇ. ಪಾರಿಜಾತಕ್ಕೆ ಗುರುತು ಬೇಕಾದರೆ ಎಳೆ ಕೊಂಬೆ ಉರುಳಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತೆ. ಎಲೆ ಉಪ್ಪುಕಾಗದದ ಹಾಗೆ ಒರಟು. 80 ರೂಪಾಯಿಗೆ ಒಂದು ತೆಗೆದುಕೊಂಡೆ.

ಒಂದು ಚೀಟಿ ಮಾತ್ರ ನನಗೆ ಸರಿ ಬರಲಿಲ್ಲ. "ಶಂಖಪುಷ್ಪಿ, ನೆನಪಿನ ಶಕ್ತಿಗೆ." ಇದ್ದದ್ದು ನೀಲಿ ಹೂವಿನ ಬಳ್ಳಿ, ನಾವು ಶಂಖಪುಷ್ಪ ಅನ್ನುವ ಕ್ಲೈಟೋರಿಯಾ. ಉತ್ತರದ ಕಡೆ ವೈದ್ಯರು ಶಂಖಪುಷ್ಪಿ ಅನ್ನುವುದು ನೆಲಕ್ಕೆ ಹರಡುವ ಬೇರೊಂದು ಗಿಡಕ್ಕೆ, ಕಾನ್ವಾಲ್ವುಲಸ್ ಅಂತ. ಕೆಲವರು ವಿಷ್ಣುಕ್ರಾಂತಿಯನ್ನೂ ಹಾಗೆ ಕರೆಯುತ್ತಾರೆ. ಹೂವಿಗೆ ಬೆಳೆಸುವವರಿಗೆ ಏನೂ ನಷ್ಟ ಇಲ್ಲ. ಅರೆದು ಕುಡಿಯುವವರು ಇದ್ದಾರಲ್ಲ, ಅವರಿಗಾಗಿಯಾದರೂ ಸರಿಯಾಗಿ ಬರೆಯಬೇಕು. ಇದನ್ನು ಮಾಲೀಕರಿಗೆ ನೇರವಾಗಿ ಹೇಳಿದೆ. "ಹಂಗ್ ಬರದ್ರೇನೇ ಸಾರ್ ಹೋಗೋದು" ಅಂದರು. ಚೀಟಿಗೆ ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ.

ಅಶೋಕ ಕೇಳಿದೆವು. ಹುಡುಗ ಸೀದಾ ಕಂಬದ ಅಶೋಕದ ಸಾಲಿಗೆ ಕರೆದುಕೊಂಡು ಹೋದ. ಇದಲ್ಲಪ್ಪ, ಕೆಂಪು ಹೂವಿನದು, ಸೀತಾ ಅಶೋಕ ಅಂದೆ. "ಅದು ಸ್ಟಾಕ್ ಇಲ್ಲ ಅಂಕಲ್." ವಾಪಸ್ ಹೊರಟಿದ್ದೆವು. ಗೊಬ್ಬರದ ಮೂಟೆಗಳ ಹಿಂದೆ, ನೆರಳಲ್ಲಿ, ಚೀಟಿ ಇಲ್ಲದ ಮೂರು ಕವರ್ ಕಂಡವು. ಒಂದೊಂದು ಎಲೆಕಡ್ಡಿಗೂ ನಾಲ್ಕೈದು ಜೊತೆ ಎಲೆ. ತುದಿಯ ಎಳೆ ಎಲೆಗಳು ತಾಮ್ರದ ಬಣ್ಣ. ಒದ್ದೆ ಬಟ್ಟೆ ಹಿಂಡಿ ನೇತುಹಾಕಿದ ಹಾಗೆ ಜೋತು ಬಿದ್ದಿದ್ದವು.

"ಅದು ಬೇಡಿ ಸಾರ್, ಸೊರಗಿಬಿಟ್ಟಿದೆ" ಅಂದರು ಮಾಲೀಕರು. "ಎಷ್ಟು ನೀರು ಹಾಕಿದ್ರೂ ತಲೆ ಎತ್ತಲ್ಲ. ಎಸೀಬೇಕು ಅಂತ ಹಿಂದಕ್ಕೆ ಹಾಕಿದೀವಿ."

ಸೊರಗಿರಲಿಲ್ಲ. ಅಶೋಕದ ಎಳೆ ಎಲೆ ಇರುವುದೇ ಹಾಗೆ. ಮೊದಲು ಮೆತ್ತಗೆ ಜೋತುಬಿದ್ದು, ಬಲಿಯುತ್ತಾ ಹಸಿರಾಗಿ ಗಟ್ಟಿಯಾಗುತ್ತೆ. ಹುಡುಗ ಫೋನ್ ತೆಗೆದು ಹೆಸರು ಹೇಳುವ ಆ್ಯಪ್‌ನಲ್ಲಿ ಫೋಟೋ ಹೊಡೆದ. ಅದು ಲಿಚಿ ಅಂದಿತು. ಅವನನ್ನು ಬೈಯಬೇಡಿ, ಬರೀ ಎಲೆ ಫೋಟೋ ನೋಡಿದರೆ ಎರಡೂ ಹತ್ತಿರ ಹತ್ತಿರ ಕಾಣುತ್ತವೆ. ಹೂ ಇದ್ದಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ. ಅಶೋಕದ ಹೂವಿಗೆ ದಳವೇ ಇಲ್ಲ. ಕಿತ್ತಳೆ, ಕೆಂಪು ಅಂತ ನಾವು ನೋಡುವುದು ಪುಷ್ಪಪಾತ್ರೆ, ಬೇರೆ ಹೂಗಳಲ್ಲಿ ದಳದ ಹೊರಗೆ ಹಸಿರಾಗಿ ಇರುತ್ತಲ್ಲ, ಆ ಭಾಗ. ಅದರಿಂದ ಕೇಸರಗಳು ಉದ್ದಕ್ಕೆ ಹೊರಗೆ ಚಾಚಿರುತ್ತವೆ. ಹರ್ಬೇರಿಯಂ ಹಾಳೆಯಲ್ಲಿ ಆ ಬಣ್ಣ ಕಂದು ಆಗಿಬಿಡುತ್ತೆ, ನನಗೆ ಅದೊಂದು ಬೇಜಾರು ಯಾವಾಗಲೂ ಇತ್ತು.

ಮೂರಕ್ಕೆ ಸೇರಿ 100 ರೂಪಾಯಿ ಕೊಟ್ಟೆವು. ಎಸೆಯುವ ಗಿಡಕ್ಕೆ ದುಡ್ಡು ಬೇಡ ಅಂದರು, ಅಕ್ಕ ಕೇಳಲಿಲ್ಲ. ಎರಡು ಅಕ್ಕನಿಗೆ, ಒಂದು ನನಗೆ. ಹಳೆಯ ಕಂಬದ ಮರ ಕಡಿಸುತ್ತೀಯಾ ಅಂತ ಕೇಳಿದ್ದಕ್ಕೆ, "ಪೂಜೆ ಮಾಡಿದ್ದನ್ನ ಕಡೀತಾರೇನೋ" ಅಂತ ನನಗೇ ಬೈದಳು.

ಲಾಭದ ಇನ್ನೊಂದು ವಿಷಯ. "ಅರಿಶಿನ" ಅಂತ ಚೀಟಿ ಇದ್ದ ಕುಂಡಗಳಲ್ಲಿ ಒಂದರ ಎಲೆ ಮೇಲೆ ಬೂದು ಹಸಿರು ಪಟ್ಟೆ, ಮಗುಚಿದರೆ ನೇರಳೆ. ನೆಲಸಂಪಿಗೆ! ಐದನೇ ಸಂಪಿಗೆ, ಇದು ಶುಂಠಿ ಕುಟುಂಬದ್ದು. ಬೇಸಿಗೆಯಲ್ಲಿ ಎಲೆ ಬರುವ ಮೊದಲೇ ಬರೀ ಮಣ್ಣಿನಿಂದ ಹೂ ಮೇಲೆದ್ದು ಬರುತ್ತೆ. ಅರಿಶಿನದ ರೇಟಿಗೇ, 40 ರೂಪಾಯಿಗೆ ಸಿಕ್ಕಿತು. ಇಲ್ಲಿ ನಾನು ಬಾಯಿ ಬಿಡಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಹೋಗುವವರಿಗೆ: ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ, ಆಮೇಲೆ ನೆರಳುಬಲೆ ಕೆಳಗೆ ಬೇಯುತ್ತೆ. ಫೋನ್‌ಪೇ ನಡೆಯುತ್ತೆ. ಕಸಿ ಸಂಪಿಗೆ 250, ಬೀಜದ ಸಸಿ 60. ಬೇಗ ಹೂ ಬೇಕಿದ್ದರೆ ಕಸಿಯೇ ತೆಗೆದುಕೊಳ್ಳಿ. ಫೋನಿನಲ್ಲಿ ಮಾತ್ರ ಆರ್ಡರ್ ಮಾಡಬೇಡಿ.

ಹೊರಡುವ ಮೊದಲು ಮಾಲೀಕರು, "ಸಾರ್, ನೀವೇ ಒಂದಷ್ಟು ಬರ್ಕೊಡಿ" ಅಂದರು. ಕೂತು ನಲವತ್ತು ಪಟ್ಟಿ ಬರೆದೆ, ಪೆನ್ಸಿಲ್‌ನಲ್ಲಿ. ಪ್ಲಾಸ್ಟಿಕ್ಕನ್ನು ಸ್ವಲ್ಪ ಉಜ್ಜಿ ಒರಟು ಮಾಡಿಕೊಂಡರೆ ಪೆನ್ಸಿಲ್ ಹಿಡಿಯುತ್ತೆ, ನೀರಿಗೆ ಹೋಗುವುದಿಲ್ಲ. ಮೇಲೆ ಕನ್ನಡದ ಹೆಸರು, ಕೆಳಗೆ ಲ್ಯಾಟಿನ್ ಹೆಸರು ಕನ್ನಡ ಅಕ್ಷರದಲ್ಲಿ. ಹುಡುಗನ ಜೊತೆ ಓಡಾಡಿ ಒಂದೊಂದನ್ನೂ ಅದರದರ ಕುಂಡಕ್ಕೆ ಚುಚ್ಚಿಸಿದೆ. ಟೀ ತರಿಸಿಕೊಟ್ಟರು.

ಮೊನ್ನೆ ಗೊಬ್ಬರಕ್ಕೆ ಅಂತ ಮತ್ತೆ ಹೋಗಿದ್ದೆ. ಹಿಂದಿನ ದಿನ ಮಳೆ ಜೋರಾಗಿ ಬಂದು ಕುಂಡಗಳನ್ನೆಲ್ಲ ಎತ್ತಿ ಬೇರೆ ಕಡೆ ಜೋಡಿಸಿದ್ದರು. ಜೋಡಿಸುವಾಗ ಅಡ್ಡ ಬರುತ್ತವೆ ಅಂತ ಹುಡುಗ ಪಟ್ಟಿಗಳನ್ನೆಲ್ಲ ಕಿತ್ತು ಒಂದು ನೀಲಿ ಬಕೆಟ್‌ಗೆ ಹಾಕಿಟ್ಟಿದ್ದ. ನಲವತ್ತೂ ಇದ್ದವು, ಎಣಿಸಿದೆ. ಅರ್ಧ ಬಕೆಟ್ ಮಳೆ ನೀರಿನಲ್ಲಿ ತೇಲುತ್ತಿದ್ದವು. ಒಂದಕ್ಷರವೂ ಅಳಿಸಿರಲಿಲ್ಲ.