ಕಿವಿ ಕೇಳದ ರೋಗಿಯೊಡನೆ ಮಾತು: ತುಟಿಯೋ, ಬರಹವೋ, ಸಂಜ್ಞೆಯೋ?

ಯಾವ ದಾರಿ ಅನುಕೂಲವೆಂದು ಮೊದಲು ರೋಗಿಯನ್ನೇ ಕೇಳಿ, ಕೇಸ್ ಶೀಟಿನ ಮೇಲೆ ದೊಡ್ಡದಾಗಿ ಬರೆದಿಡಿ. ಪಾಳಿ ಬದಲಾದಾಗ ಮುಂದಿನ ನರ್ಸ್‌ಗೆ ಅದೇ ಆಧಾರ.

ತುಟಿ ಓದಿಸುವುದು: ತಕ್ಷಣ ಸಿಗುವ ದಾರಿ, ಆದರೆ ಔಷಧದ ವಿಷಯಕ್ಕೆ ಇದೊಂದನ್ನೇ ನಂಬಬೇಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ‘ಮಾತ್ರೆ’ ಎಂದರೂ ‘ಪಾತ್ರೆ’ ಎಂದರೂ ಕಾಣುವುದು ಒಂದೇ. ಮಾಸ್ಕ್ ಇದ್ದರಂತೂ ಏನೂ ಕಾಣದು. ಸುಮಾರು 1 ಮೀಟರ್ ದೂರದಲ್ಲಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಿ. ಕಿಟಕಿಗೆ ಬೆನ್ನು ಮಾಡಿದರೆ ಮುಖ ಕಪ್ಪಾಗುತ್ತದೆ. ಕೂಗಬೇಡಿ. ಕೂಗಿದರೆ ತುಟಿಯ ಆಕಾರ ಕೆಡುತ್ತದೆ, ಶ್ರವಣಯಂತ್ರದಲ್ಲಿ ದನಿ ಒಡೆಯುತ್ತದೆ.

ಬರಹ: ಡೋಸ್, ಸಮಯ, ದಿನಾಂಕಕ್ಕೆ ಇದೇ ಮೇಲು. ವಯಸ್ಸಾದ ಮೇಲೆ ಕಿವಿ ಮಂದವಾದವರಿಗೆ ಒಗ್ಗುತ್ತದೆ. ಅವರ ಕನ್ನಡಕ ಕೈಗೆ ಸಿಗುವಂತಿರಲಿ. ಹುಟ್ಟಿನಿಂದ ಕಿವಿ ಕೇಳದ ಹಲವರಿಗೆ ಸಂಜ್ಞೆಯೇ ಮೊದಲ ಭಾಷೆ, ಉದ್ದನೆಯ ಕನ್ನಡ ವಾಕ್ಯ ತೊಡಕಾಗಬಹುದು. ಮಾತನ್ನು ಬರಹಕ್ಕಿಳಿಸುವ ಆ್ಯಪ್ ಔಷಧದ ಹೆಸರುಗಳಲ್ಲಿ ಎಡವುತ್ತದೆ, ತೋರಿಸುವ ಮುನ್ನ ಓದಿಕೊಳ್ಳಿ.

ಭಾರತೀಯ ಸಂಜ್ಞಾಭಾಷೆಯ ದುಭಾಷಿ: ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ಸಂಜ್ಞೆ ಬಲ್ಲ ರೋಗಿಗೆ ಇದೇ ಬೇಕು, ವಿಡಿಯೊ ಕರೆಯಲ್ಲಾದರೂ ಸರಿ. ದುಭಾಷಿಯ ಬದಲು ಮನೆಯವರನ್ನು ನಿಲ್ಲಿಸಿದರೆ ಅವರು ಮುಜುಗರದ ಮಾತನ್ನು ನುಂಗಿಬಿಡುವುದುಂಟು. ನೀವು ನೋಡಬೇಕಾದ್ದು ದುಭಾಷಿಯನ್ನಲ್ಲ, ರೋಗಿಯನ್ನು. ಸಂಜ್ಞೆಗೆ ಹೆಚ್ಚು ಬಳಸುವ ಕೈಗೆ ಆದಷ್ಟೂ ಡ್ರಿಪ್ ಹಾಕಬೇಡಿ. ಅದು ಅವರ ಬಾಯಿ ಕಟ್ಟಿದಂತೆ.

ಯಾವ ದಾರಿಯಾದರೂ “ಅರ್ಥವಾಯಿತಾ?” ಎಂದರೆ ಸುಮ್ಮನೆ ತಲೆಯಾಡಿಸುತ್ತಾರೆ. “ಈ ಮಾತ್ರೆ ಯಾವ ಹೊತ್ತಿಗೆ, ಎಷ್ಟು ತಗೋತೀರಿ?” ಎಂದು ಕೇಳಿ, ಅವರೇ ಹೇಳಲಿ ಅಥವಾ ಬೆರಳಲ್ಲಿ ತೋರಿಸಲಿ.