ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಸದ್ದು ಮಾಡುವ ಕ್ರಿಕೆಟ್ ಚೆಂಡು

ನಮ್ಮ ಬೀದಿಯ ಮಕ್ಕಳು ಕೆಟ್ಟವರಲ್ಲ. ಹುಟ್ಟಿನಿಂದಲೇ ಕಣ್ಣು ಕಾಣದ ನನ್ನ ಮಗನನ್ನು ಅವರು ಒಂದು ದಿನವೂ ‘ಮನೆಗೆ ಹೋಗು’ ಎಂದವರಲ್ಲ. ಜಗಲಿಯ ಮೇಲೆ ಕೂರಿಸಿ, ರನ್ ಎಣಿಸುತ್ತಿರು ಎನ್ನುತ್ತಿದ್ದರು. ಹತ್ತು ವರ್ಷದ ಹುಡುಗ ಎರಡು ಬೇಸಿಗೆ ರಜೆಗಳನ್ನು ಹಾಗೆಯೇ ಕಳೆದ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಂಥ ಮಗುವಿರುವ ಮನೆಯವರು ಓದಲಿ ಎಂದೇ ಈ ಚೆಂಡಿನ ಬಗ್ಗೆ ಬರೆಯುತ್ತಿದ್ದೇನೆ.

ಅಂಧರ ಕ್ರಿಕೆಟ್‌ಗೆ ಬಳಸುವ ಚೆಂಡು ಇದು. ಗಟ್ಟಿ ಬಿಳಿ ಪ್ಲಾಸ್ಟಿಕ್, ಒಳಗೆ ಸೈಕಲ್ ಬೇರಿಂಗ್‌ನಲ್ಲಿರುವಂಥ ಸಣ್ಣ ಗುಂಡುಗಳು. ಅಲ್ಲಾಡಿಸಿದರೆ ಗಿಲಕಿಯ ಸದ್ದು ಬರುತ್ತದೆ. ಆದರೆ ಅದರ ಗುಣ ತಿಳಿಯಬೇಕಾದರೆ ನೆಲದ ಮೇಲೆ ಉರುಳಿಸಬೇಕು. ಪೊಟ್ಟಣ ಬಿಚ್ಚಿದ ಸಂಜೆ ಮಗ ನಡುಮನೆಯಲ್ಲಿ ನೆಲಕ್ಕೆ ಕಿವಿ ಹಚ್ಚಿ ಮಲಗಿ, ಚೆಂಡನ್ನು ಗೋಡೆಯತ್ತ ಉರುಳಿಸಿದ. ದೂರ ಹೋಗುವ ಸದ್ದು, ಗೋಡೆಗೆ ತಾಗಿದ ಸದ್ದು, ತಿರುಗಿ ಬರುವ ಸದ್ದು ಮೂರನ್ನೂ ನನಗೆ ಬಿಡಿಸಿ ಹೇಳಿದ. ಹೋಗುವುದಕ್ಕೂ ಬರುವುದಕ್ಕೂ ಇರುವ ವ್ಯತ್ಯಾಸ ನನ್ನ ಕಿವಿಗೆ ಸಿಗಲು ನಾಲ್ಕಾರು ಸಲ ಬೇಕಾಯಿತು.

1922ರಲ್ಲಿ ಮೆಲ್ಬರ್ನ್‌ನಲ್ಲಿ ಕಣ್ಣು ಕಾಣದ ಇಬ್ಬರು ಕಾರ್ಖಾನೆ ಕೆಲಸಗಾರರು ತಗಡಿನ ಡಬ್ಬಿಯೊಳಗೆ ಕಲ್ಲು ತುಂಬಿ ಈ ಆಟ ಶುರು ಮಾಡಿದರಂತೆ. ಉಪಾಯ ಇಂದಿಗೂ ಅದೇ. ಬೌಲರ್ ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಚೆಂಡು ಪಿಚ್‌ನ ನಡುಗೆರೆಗೆ ಮೊದಲೇ ನೆಲಕ್ಕೆ ಬೀಳಬೇಕು. ಎಸೆಯುವ ಮುನ್ನ ‘ರೆಡಿ?’ ಎಂದು ಕೇಳಿ, ಬ್ಯಾಟರ್ ‘ಯೆಸ್’ ಎಂದ ಮೇಲೆ ‘ಪ್ಲೇ’ ಎನ್ನಬೇಕು. ಪೂರ್ತಿ ಕಣ್ಣು ಕಾಣದ ಫೀಲ್ಡರ್ ಒಂದು ಪುಟಿತದ ನಂತರ ಹಿಡಿದರೂ ಕ್ಯಾಚ್. ಅಂಥ ಬ್ಯಾಟರ್ ಹೊಡೆದ ಒಂದು ರನ್‌ಗೆ ಎರಡು ರನ್.

ಈ ಕೊನೆಯ ನಿಯಮಕ್ಕೆ ನಮ್ಮ ಬೀದಿಯಲ್ಲಿ ದೊಡ್ಡ ಜಗಳವೇ ಆಯಿತು. ‘ಅವನಿಗೆ ಮಾತ್ರ ಯಾಕೆ ಎರಡು?’ ಎಂದು ಎದುರು ಮನೆಯ ಹುಡುಗ ಪಟ್ಟು ಹಿಡಿದ. ನಾನು ಬುದ್ಧಿ ಹೇಳಲು ಹೋಗಲಿಲ್ಲ, ಅವನ ಕಣ್ಣಿಗೆ ನನ್ನ ದುಪಟ್ಟಾ ಬಿಗಿದು ಕಟ್ಟಿ ಬ್ಯಾಟ್ ಕೊಟ್ಟೆ. ಒಂದು ಓವರ್‌ನಲ್ಲಿ ಒಂದು ಚೆಂಡೂ ಬ್ಯಾಟಿಗೆ ತಾಗಲಿಲ್ಲ. ಮರುದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನನ್ನ ಮಗನ ಏಳು ರನ್ನನ್ನು ಹದಿನಾಲ್ಕು ಎಂದು ಬರೆದವನು ಅವನೇ. ಏಳರಲ್ಲಿ ನಾಲ್ಕು ಒಂದೇ ಹೊಡೆತಕ್ಕೆ ಬಂದಿದ್ದವು: ಮಂಡಿಯೂರಿ, ಬ್ಯಾಟನ್ನು ನೆಲಕ್ಕೆ ಅಡ್ಡಲಾಗಿ ಬೀಸಿದ ಸ್ವೀಪ್. ಉರುಳಿ ಬರುವ ಚೆಂಡಿಗೆ ಇದಕ್ಕಿಂತ ಒಳ್ಳೆಯ ಹೊಡೆತವಿಲ್ಲ.

ನಾನು ನಿರೀಕ್ಷಿಸದಿದ್ದ ಲಾಭವೂ ಒಂದಾಯಿತು. ‘ಚೆಂಡು ಜೋರಾಗಿ ಬರುತ್ತದೆ, ಬೇಡ’ ಎಂದು ಹುಡುಗರು ದೂರ ಇಟ್ಟಿದ್ದ ಪಕ್ಕದ ಮನೆಯ ಹುಡುಗಿ ಈಗ ನಮ್ಮ ಮುಖ್ಯ ಬೌಲರ್. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ದೀಪಿಕಾ ಟಿ.ಸಿ. ನಮ್ಮ ಕರ್ನಾಟಕದ ಪರವಾಗಿ ಆಡಿದವರು ಎಂದು ಹೇಳಿದಾಗಿನಿಂದ ಅವಳು ಬೌಲಿಂಗ್ ಬಿಟ್ಟುಕೊಡುವುದೇ ಇಲ್ಲ.

ಇನ್ನು ಕೊರತೆಗಳು. ಚೆಂಡು ನಿಂತ ಕೂಡಲೇ ಮೂಕವಾಗುತ್ತದೆ. ಹುಲ್ಲಿನಲ್ಲಿ ನಿಂತರಂತೂ ಮಗ ಅಂಗೈಯಿಂದ ನೆಲ ಸವರಿ ಹುಡುಕಬೇಕು, ಅಥವಾ ಇನ್ನೊಬ್ಬರು ದಿಕ್ಕು ಕೂಗಬೇಕು. ಎತ್ತರಕ್ಕೆ ಹೊಡೆದಾಗ ಸದ್ದು ಸಾಲದು. ಸಂಜೆಯ ಬೀದಿ ಈ ಆಟಕ್ಕೆ ಆಗುವುದಿಲ್ಲ. ಶಾಲಾ ವ್ಯಾನಿನ ಹಾರ್ನ್, ಯಾರದೋ ಮಿಕ್ಸಿ, ಎಲ್ಲವೂ ಚೆಂಡನ್ನು ನುಂಗುತ್ತವೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಶಾಲೆಯ ಮೈದಾನಕ್ಕೆ ಹೋಗುತ್ತಿದ್ದೇವೆ. ‘ರೆಡಿ’ ಎಂಬ ಮಾತು ಬಿದ್ದ ತಕ್ಷಣ ಹನ್ನೊಂದು ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುವುದನ್ನು ನೀವು ಒಮ್ಮೆ ನೋಡಬೇಕು.

ಬಾಳಿಕೆಯ ಬಗ್ಗೆ ನನಗೆ ಸಿಟ್ಟಿದೆ. ತರಿಸಿದ ಮೂರರಲ್ಲಿ ಒಂದು, ಸಿಮೆಂಟ್ ರಸ್ತೆಯಲ್ಲಿ ಮೂರೇ ವಾರಕ್ಕೆ ಬೆಸುಗೆಯ ಗೆರೆಯಲ್ಲಿ ಬಾಯಿಬಿಟ್ಟು, ಗುಂಡುಗಳು ಚರಂಡಿಯವರೆಗೂ ಚೆಲ್ಲಿದವು. ಮಾರಿದವರಿಗೆ ಫೋನ್ ಮಾಡಿದರೆ ಬದಲಿ ಕೊಡುವುದಿಲ್ಲ ಎಂದರು. ಇಂಥ ಚೆಂಡು ಊರಿನ ಆಟದ ಸಾಮಾನಿನ ಅಂಗಡಿಗಳಲ್ಲಿ ಸಿಗುವುದಿಲ್ಲ ಎಂಬುದನ್ನು ತಿಳಿದೇ ಹೀಗೆ ಮಾತನಾಡುವುದು ಸರಿಯಲ್ಲ. ಮಣ್ಣಿನ ನೆಲದಲ್ಲಿ ಆಡಿದ ಉಳಿದೆರಡು ನಾಲ್ಕು ತಿಂಗಳಾದರೂ ಗಟ್ಟಿಯಾಗಿವೆ. ಹಾಗಾಗಿ ಕೊಳ್ಳಿ, ಆದರೆ ಸಿಮೆಂಟಿನ ಮೇಲೆ ಆಡಿಸಬೇಡಿ. ಒಂದನ್ನೇ ತರಿಸಲೂ ಬೇಡಿ.

ಒಡೆದದ್ದಕ್ಕೆ ಸಿಕ್ಕಷ್ಟು ಗುಂಡು ತುಂಬಿ ಎಂ-ಸೀಲ್ ಮೆತ್ತಿದೆ. ಮಗ ಅದನ್ನು ಎರಡು ಸಲ ಉರುಳಿಸಿ ನೋಡಿ ನನ್ನ ಕೈಗೇ ಕೊಟ್ಟ. ‘ಅಮ್ಮಾ, ಇದು ಬಿದ್ದದ್ದು ಗೊತ್ತಾಗುತ್ತದೆ, ಬರುವುದು ಗೊತ್ತಾಗುವುದಿಲ್ಲ’ ಎಂದ. ಬೀದಿಯ ಏಳು ಮನೆಯವರು ಹಣ ಕೂಡಿಸಿದ್ದಾರೆ. ಈ ಸಲ ಬೇರೊಬ್ಬ ಮಾರಾಟಗಾರರಿಂದ ಆರು ಚೆಂಡು ತರಿಸುತ್ತಿದ್ದೇವೆ.